ಅಂಡಮಾನಿನಲ್ಲಿ ಗಂಗವ್ವನ ಎಡೆ

ನೀರು ಕಂಡರೆ ಮೊದಲು ಗಂಗವ್ವನಿಗೆ ಎಡೆ ಬಿಡುವುದು ನಮ್ಮ ಹಂಪಸಾಗರದ ರೂಢಿ. ಅಂಡಮಾನಿನ ಕಡಲಿಗೂ ಅತ್ತೆ ಡಬ್ಬಿಯ ಮೊಸರನ್ನ ಬಿಟ್ಟರು. ಪಕ್ಕದಲ್ಲೇ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ನನ್ನ ಮೂರು ವರ್ಷದ ಮಗಳು ತೇಲುವ ಅನ್ನಕ್ಕೆ ಕೈ ಬಡಿಯುತ್ತಿದ್ದಳು.

ಕಡಲತೀರದ ಕಾವಲುಗಾರ ಸೀಟಿ ಊದುತ್ತಾ ಓಡಿ ಬಂದು ಅವಳನ್ನು ದಡಕ್ಕೆ ಎಳೆದ. ಹಿಂದಿಯಲ್ಲಿ ಅವನು ಬೈದದ್ದನ್ನು ಅತ್ತೆಗೆ ಹೇಳಿದೆ: "ಅನ್ನದ ವಾಸನಿಗೆ ಮೊಸಳಿ ಬರ್ತಾವಂತ್ರಿ. ಇಲ್ಲೇ ಒಬ್ಬಾಕಿನ್ನ ಎಳಕೊಂಡು ಹೋಗೈತಂತ."

"ಗಂಗವ್ವ ನಮ್ಮ ಕೂಸಿಗೆ ಏನೂ ಮಾಡಂಗಿಲ್ಲ ಬಿಡು," ಎಂದರು ಅತ್ತೆ. ಆದರೂ ಡಬ್ಬಿಯ ಮುಚ್ಚಳ ಬಿಗಿದರು.

"ಗಂಗವ್ವ ಮಾಡಂಗಿಲ್ರಿ ಅತ್ತಿ, ಮೊಸಳಿಗೆ ನಮ್ಮ ಗುರುತು ಐತೇನು?"

ಬಾಯಿ ತೆರೆದ ಮೊಸಳೆಯ ಚಿತ್ರವಿದ್ದ ಎಚ್ಚರಿಕೆಯ ಬೋರ್ಡನ್ನು ಕಾವಲುಗಾರ ತೋರಿಸಿದ. ಅರ್ಧ ಗಂಟೆ ಮೊದಲು ಮನೆಮಂದಿಯೆಲ್ಲ ಅದರ ಮುಂದೆಯೇ ಫೋಟೊ ತೆಗೆಸಿಕೊಂಡಿದ್ದೆವು. ಮೊಸಳೆಯ ಬಾಯಲ್ಲಿ ಕೈ ಇಟ್ಟು ನಗು ಎಂದು ಮಗಳಿಗೆ ಹೇಳಿದವಳು ನಾನೇ.