ಮಾನ್ವಿಯ ಕಾಟಾ

ರಾಯಚೂರಿನ ಖಾಸಗಿ ಶಾಲೆಯೊಂದರಲ್ಲಿ ನಾನು ಗಣಿತದ ಮಾಸ್ತರ. ಭಾನುವಾರ ಮಾತ್ರ ಕಾಟಾ ರಿಪೇರಿಯವ. ಅಕ್ಕಿ ಮಿಲ್ಲು, ಹತ್ತಿ ಖರೀದಿಯ ಅಂಗಡಿ, ಕಿರಾಣಿಗಳಲ್ಲಿ ತೂಕದ ಯಂತ್ರ ಕೈಕೊಟ್ಟರೆ ನನಗೆ ಫೋನ್ ಬರುತ್ತದೆ. ಅದಕ್ಕೆ ಬೇಕಾದ ಪರವಾನಗಿಯೂ ನನ್ನಲ್ಲಿದೆ. ಗಿರಾಕಿಗಳು ಹೆಚ್ಚಾಗಿ ದೇವದುರ್ಗದ ಕಡೆಯವರು. ಮಾನ್ವಿಯಲ್ಲಿ ಇರುವುದು ಒಂದೇ ಒಂದು ಮಿಲ್ಲು.

ಈ ಎರಡನೇ ದುಡಿಮೆಗೂ ತೆರಿಗೆ ಕಟ್ಟಬೇಕೆಂದು ಗೊತ್ತಾದಾಗ ನನಗೆ ಹೊಟ್ಟೆ ಉರಿಯಿತು. ತೆರಿಗೆಯ ಕಾಗದಪತ್ರ ನೋಡುವ ಹಿರಿಯರೊಬ್ಬರು ಸಮಾಧಾನ ಮಾಡಿದರು.

"ಗಾಡಿ ಖರ್ಚು ಕಳೀಬಹುದ್ರೀ ಮಾಸ್ತರ. ಪೆಟ್ರೋಲು, ರಿಪೇರಿ, ಇನ್ಶೂರೆನ್ಸು ಎಲ್ಲಾ. ಆದ್ರ ಕಾಟಾ ಕೆಲಸಕ್ಕ ಓಡಿದಷ್ಟು ಮಾತ್ರ. ಸಾಲಿಗಿ ಹೋಗಿದ್ದು, ಬೀಗರ ಮನಿಗಿ ಹೋಗಿದ್ದು ನಡಿಯಂಗಿಲ್ಲ. ಎಲ್ಲಿಗಿ, ಯಾಕ, ಎಷ್ಟು ಕಿಲೋಮೀಟರ್ ಅಂತ ಒಂದು ಪುಸ್ತಕ ಇಡ್ರಿ."

ಪುಸ್ತಕ ತಂದೆ. ನನ್ನ ಹೆಂಡತಿ ಮೊದಲ ಪುಟಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಆಮೇಲೆ ಪ್ರತಿ ವಾರ ಅದನ್ನು ಓದಲೂ ಶುರುಮಾಡಿದಳು. ತೊಂದರೆ ಬಂದದ್ದೇ ಅಲ್ಲಿ.

ಅವಳ ಅಕ್ಕ ಮಾನ್ವಿಯಲ್ಲಿದ್ದಾಳೆ. ತಾಯಿಯಿಲ್ಲದ ಇವಳನ್ನು ಎತ್ತಿ ಆಡಿಸಿ ಬೆಳೆಸಿದವಳು. ಬಸ್ಸು ಈಗ ಹೆಂಗಸರಿಗೆ ಪುಕ್ಕಟೆ, ಆದರೆ ಹತ್ತಿದರೆ ಇವಳಿಗೆ ವಾಂತಿ. ಬೈಕಿನಲ್ಲಿ ಹೋಗೋಣವೆಂದರೆ, "ನನ್ ಸಲುವಾಗಿ ಸುಮ್ನ ಪೆಟ್ರೋಲ್ ಯಾಕ ಸುಡ್ತೀರಿ?" ಅನ್ನುವಳು. "ಮಾನ್ವಿ ಮಿಲ್ಲಿನ ಕಾಟಾ ಕೆಟ್ಟದಂತ, ಹೆಂಗೂ ಹೊಂಟೀನಿ, ಬಾ" ಎಂದರೆ ಮಾತ್ರ ಸೀರೆ ಬದಲಿಸುವಳು. ಹೀಗಾಗಿ ಆ ಕಾಟಾ ತಿಂಗಳಿಗೆ ಎರಡು ಸಲ ಕೆಡತೊಡಗಿತು. ಅವಳನ್ನು ಅಕ್ಕನ ಮನೆಗೆ ಬಿಟ್ಟು, ನಾನು ಮಿಲ್ಲಿನ ಪಕ್ಕದ ಹೋಟೆಲಿನಲ್ಲಿ ಒಗ್ಗರಣಿ ಮಂಡಕ್ಕಿ, ಮಿರ್ಚಿ ಭಜಿ ತಿಂದು, ಪೇಪರ್ ಓದಿ, ಅಂಗಿಗೆ ಒಂದಿಷ್ಟು ತೌಡಿನ ಧೂಳು ಸವರಿಕೊಂಡು ವಾಪಸಾಗುತ್ತಿದ್ದೆ. ಅವಳು ಓದುವ ಪುಸ್ತಕವಲ್ಲವೇ, ಅದರಲ್ಲೂ ಹಾಗೇ ಬರೆದೆ: ಮಾನ್ವಿ, ಕಾಟಾ ರಿಪೇರಿ.

ವರ್ಷ ಮುಗಿಯಿತು. ಪುಸ್ತಕ ತೋರಿಸಲು ಹೊರಟಾಗ, ಸಂತೆಗೆ ಹೊರಟಿದ್ದ ಅವಳೂ ಜೊತೆಗೆ ಬಂದು ಹಿರಿಯರ ಎದುರು ನನ್ನ ಪಕ್ಕದಲ್ಲಿ ಕೂತಳು. ಹಿರಿಯರು ಪುಟ ತಿರುವುತ್ತಾ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಇದೊಂದು ಕಾಟಾ ವರ್ಷದಾಗ ಇಪ್ಪತ್ತೆರಡು ಸಲ ಕೆಟ್ಟದ. ಮಿಲ್ಲಿನವರು ರೊಕ್ಕ ಕೊಟ್ಟಿದ್ದು ಎರಡೇ ಸಲ. ಮಾಸ್ತರ, ನೀವು ರಿಪೇರಿ ಮಾಡಾಕ ಹೋಗ್ತೀರೋ, ಕೆಡಸಾಕ ಹೋಗ್ತೀರೋ?"

ತೆರಿಗೆ ಹೆಚ್ಚಾದರೆ ಆಗಲಿ; ಇವಳು ಇನ್ನು ಅಕ್ಕನ ಮನೆಯ ಕಡೆ ತಲೆಹಾಕಿಯೂ ಮಲಗುವುದಿಲ್ಲವಲ್ಲ ಎಂದು ಜೀವ ಹಾರಿತು. ಅವಳು ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದುಕೊಂಡು ಮಾನ್ವಿಯ ಸಾಲುಗಳನ್ನು ಒಂದೊಂದಾಗಿ ಹೊಡೆದುಹಾಕತೊಡಗಿದಳು.

"ರೊಕ್ಕ ಬಂದ ಎರಡಾದ್ರೂ ಇರ್ಲಿ ಬಿಡವ್ವಾ," ಎಂದು ಹಿರಿಯರು ಗಾಬರಿಯಾದರು.

ಆ ವಾರವೆಲ್ಲ ಮನೆಯಲ್ಲಿ ಮಾನ್ವಿಯ ಸುದ್ದಿಯೇ ಇಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಭಾನುವಾರ ಬೆಳಿಗ್ಗೆ ದೇವದುರ್ಗಕ್ಕೆಂದು ಸಾಮಾನಿನ ಚೀಲ ಹಿಡಿದು ಹೊರಬಂದರೆ, ಬೈಕಿನ ಪಕ್ಕ ಅವಳು ನಿಂತಿದ್ದಳು. ಒಳ್ಳೆಯ ಸೀರೆ, ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ.

"ದೇವದುರ್ಗದವರಿಗೆ ಮುಂದಿನ ವಾರ ಬರ್ತೀನಿ ಅಂತ ಹೇಳ್ರಿ. ನಂಗ ಅಕ್ಕನ್ನ ನೋಡಬೇಕಾಗ್ಯಾದ."

ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಖುಷಿಗೆ ಕೈಯಲ್ಲಿದ್ದ ಚೀಲ ಕೆಳಗಿಟ್ಟೆ.

"ಕಾಟಾ?" ಎಂದೆ.

"ಅದಕ್ಕೇನಾಗ್ಯಾದ, ಛಲೋ ಅದ. ನೀವೂ ಇವತ್ತ ಅಕ್ಕನ ಮನ್ಯಾಗ ಉಣ್ಣಾಕ ಬರ್ರಿ. ಎಷ್ಟಂತ ಆ ಹೋಟೆಲ್ನಾಗ ಮಿರ್ಚಿ ತಿಂತೀರಿ?"

ಮಿರ್ಚಿಯ ವಿಷಯ ನಾನು ಅವಳಿಗೆ ಒಮ್ಮೆಯೂ ಹೇಳಿರಲಿಲ್ಲ.