ನನ್ನ ಕಟ್ಟೆಯ ಇಂಗ್ಲಿಷ್ ವ್ಯಾಕರಣ

ಸೇಡಂನಲ್ಲಿ ಇಂಗ್ಲಿಷ್ ವ್ಯಾಕರಣವೆಂದರೆ ನನ್ನ ಮನೆಯ ಕಟ್ಟೆ ಎಂಬ ಮಾತು ಬಹುಕಾಲ ನಡೆದಿತ್ತು. ಹೈಸ್ಕೂಲಿನಿಂದ ನಿವೃತ್ತನಾದ ಮೇಲೂ ಚಿತ್ತಾಪುರ, ವಾಡಿಯಿಂದ ಮಕ್ಕಳು ರವಿವಾರ ಬರುತ್ತಿದ್ದರು. ಈಗ ಉಳಿದಿರುವವಳು ಹತ್ತನೆಯ ತರಗತಿಯ ನನ್ನ ಮೊಮ್ಮಗಳೊಬ್ಬಳೇ. ಮಿಕ್ಕವರೆಲ್ಲ ನನ್ನ ಜಾಗಕ್ಕೆ ಬಂದ ಶಹಾಬಾದಿನ ಟೀಚರಮ್ಮನ ಮನೆಗೆ ಹೋಗುತ್ತಾರೆ. ಶಿಕ್ಷಕರ ದಿನಾಚರಣೆಯಂದು ಆಕೆಗೆ ವೇದಿಕೆಯ ಮೇಲೆ ಕುರ್ಚಿ ಹಾಕಿ, ನನ್ನನ್ನು ಕಂಬದ ಹಿಂದೆ ಕೂಡಿಸಿದ್ದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಕಳೆದ ತಿಂಗಳು ಮೊಮ್ಮಗಳಿಗೆ ‘ನೀದರ್–ನಾರ್’ ಬರೆಸುತ್ತಿದ್ದೆ. ಅದರಲ್ಲಿ ಬರುವ ಎರಡು ಕರ್ತೃಪದಗಳಲ್ಲಿ ಕ್ರಿಯಾಪದವು ತನಗೆ ಸಮೀಪವಿರುವುದನ್ನು ಅನುಸರಿಸುತ್ತದೆ. ‘ನೋಬಡಿ’ ಸದಾ ಏಕವಚನ. ಇಂಥ ಸೂತ್ರಗಳನ್ನು ಬಾಯಿಪಾಠ ಮಾಡಿಸಿ ಒಪ್ಪಿಸಿಕೊಳ್ಳುವುದು ನನ್ನ ಪದ್ಧತಿ. ಅವಳು ಪೆನ್ನು ಕೆಳಗಿಟ್ಟಳು.

“ಮುತ್ಯಾ, ಇದು ನಂಗ ಬರ್ತದ. ಸಾಲ್ಯಾಗ ಟೀಚರ್ ಟಂಟಂ ಆಟೋದ ಉದಾಹರಣಿ ಕೊಟ್ಟು ಹೇಳ್ಯಾರ.”

“ಟಂಟಂದಾಗ ಇಂಗ್ಲಿಷ್ ಯಾವಾಗ ಹತ್ತಿತು?”

“ಕೇಳು. ಹಿಂದ ಮಂದಿ ತುಂಬಿರ್ತಾರ. ಯಾರರೆ ಇಳಿಯೋದಿದ್ರ ಡ್ರೈವರ್ ಮಗ್ಗಲಾಗ ಕುಂತಂವ ಒದರಬೇಕು. ಅವನ ಮಾತೇ ಡ್ರೈವರಿಗಿ ಕೇಳಸ್ತದ. ವರ್ಬ್ ಅಂದ್ರ ಡ್ರೈವರ್ ಇದ್ದಂಗ, ಮಗ್ಗಲಾಗ ಕುಂತಂವನ ಮಾತೇ ಕೇಳ್ತದ.”

“ನಾ ಮತ್ತೇನ್ ಹೇಳ್ಲಿಕತ್ತೀನಿ? ಅದನೇ ಅಲ್ಲ?”

“ಅದೇ ಖರೆ. ಆದ್ರ ನೀ ಹೇಳಿದ್ರ ಭಾಳ ನಿದ್ದಿ ಬರ್ತದ.” ನಕ್ಕಳು. ಆಮೇಲೆ ಮೆಲ್ಲಗೆ, “ಬರೋ ರವಿವಾರ ನಾನೂ ಟೀಚರ್ ಮನಿಗಿ ಹೋಗ್ಲಿ?” ಎಂದಳು.

ಚಿಂಚೋಳಿಯ ಶಾಲೆಯಲ್ಲಿದ್ದಾಗ ವರ್ಷಗಟ್ಟಲೆ ಟಂಟಂನಲ್ಲಿ ಓಡಾಡಿದವನು ನಾನು. ಡ್ರೈವರನ ಮಗ್ಗುಲಲ್ಲಿ ಒತ್ತಿಕೊಂಡು ಕುಳಿತು, ಹಿಂದಿನವರ ಪರವಾಗಿ ಎಷ್ಟೋ ಸಲ “ನಿಂದರಸ್ರಿ” ಎಂದು ಕೂಗಿದ್ದೇನೆ. ಆ ಉದಾಹರಣೆ ನ್ಯಾಯವಾಗಿ ನನಗೆ ಹೊಳೆಯಬೇಕಿತ್ತು. ಶಹಾಬಾದಿನಿಂದ ರೈಲಿನಲ್ಲಿ ಬಂದು ಹೋಗುವ ಆಕೆಗೆ ಅದು ಹೇಗೆ ದಕ್ಕಿತೋ! ಆದರೂ “ಹೋಗು” ಎಂದೆ. ಬೇಡವೆಂದಿದ್ದರೆ ಆ ಮಾತು ಆಕೆಯ ಕಿವಿಗೂ ಬೀಳುತ್ತಿತ್ತು.

ಆ ರವಿವಾರ ನಾನು ಕಟ್ಟೆಗೆ ಚಾಪೆ ಹಾಸಲಿಲ್ಲ. ಮೊಮ್ಮಗಳು ಮರಳಿದೊಡನೆ, ಕೈಕಾಲು ತೊಳೆಯುವುದಕ್ಕೂ ಬಿಡದೆ, ನನಗೆ ಗೊತ್ತಿದ್ದ ಅತಿ ಕಠಿಣ ವಾಕ್ಯಗಳನ್ನು ಕೊಟ್ಟೆ. ತಪ್ಪು ಸಿಗಲೆಂದೇ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಸಿಗಲಿಲ್ಲ. ಎಲ್ಲದಕ್ಕೂ ಸರಿ ಗುರುತು ಹಾಕಿದೆ, ಚಿಕ್ಕದಾಗಿ.

“ಕೆಳಗ ಸಹಿ ಮಾಡು, ಮುತ್ಯಾ.”

“ಕಲಿಸಿದವರ ಕಡಿಂದ ಮಾಡಿಸ್ಕೊ,” ಎಂದು ಪೆನ್ನಿನ ಮುಚ್ಚಳ ಹಾಕಿದೆ.