ಪಾರಮ್ಮನ ಹೆಸರಿಗೆ ಎದ್ದವಳು

ಕುರುಗೋಡಿನ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದ ಗಂಗಾಬಾಯಿ ದೇವರಿಗೆ ಹೆದರುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ತಪಾಸಣೆಗೆ ಹೆದರುತ್ತಿದ್ದರು. ವರ್ಷಕ್ಕೊಮ್ಮೆ ಬಳ್ಳಾರಿಯಿಂದ ಇನ್‌ಸ್ಪೆಕ್ಟರಮ್ಮ ಬಂದು, ಹೋದ ವರ್ಷ ಎಲ್ಲಿದ್ದ ಹುಡುಗಿ ಈ ವರ್ಷ ಎಲ್ಲಿಗೆ ಮುಟ್ಟಿದ್ದಾಳೆಂದು ಒಬ್ಬೊಬ್ಬಳನ್ನೇ ಎಬ್ಬಿಸಿ ಕೇಳುತ್ತಿದ್ದರು. ಮಕ್ಕಳು ಮುಂದೆ ಹೋಗಿದ್ದರೆ ಸರ್ಕಾರದ ಗ್ರಾಂಟು, ಇಲ್ಲದಿದ್ದರೆ ಶಾಲೆಗೆ ಬೀಗ. ಬೀಗ ಬಿದ್ದರೆ ಆ ಹುಡುಗಿಯರೆಲ್ಲ ಮರುದಿನವೇ ಹತ್ತಿ ಬಿಡಿಸಲು ಹೋಗುವವರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಗಂಗಾಬಾಯಿಗೂ ಆ ಶಾಲೆ ಬಿಟ್ಟರೆ ಬೇರೆ ಬದುಕಿರಲಿಲ್ಲ.

ನಲವತ್ನಾಲ್ಕನೇ ಇಸವಿಯಲ್ಲಿ ತಪಾಸಣೆಗೆ ಮುಂಚೆ ಊರಿಗೆ ವಾಂತಿಭೇದಿ ಬಂತು. ಮೂರನೇ ಕ್ಲಾಸಿನ ಪಾರಮ್ಮ ಹೋಗಿಬಿಟ್ಟಳು. ಒಂದು ತಲೆ ಕಡಿಮೆಯಾದರೂ ಆ ಕ್ಲಾಸು ಉಳಿಯುವಂತಿರಲಿಲ್ಲ. ಬಾರದ ಮಗುವಿನ ಹೆಸರಿಗೆ ಬೇರೆ ಮಗುವನ್ನು ತಂದು ಕೂರಿಸುವುದು ಆಗ ಊರೂರಲ್ಲೂ ನಡೆಯುತ್ತಿತ್ತು, ಯಾರೂ ಅದನ್ನು ಕಳ್ಳತನ ಅನ್ನುತ್ತಿರಲಿಲ್ಲ. ಆದರೆ ಸತ್ತವಳ ಹೆಸರಿಗೆ? ಗಂಗಾಬಾಯಿ ಕಣ್ಣು ಮುಚ್ಚಿಕೊಂಡು ಅದನ್ನೂ ಮಾಡಿದರು. ಹಚ್ಚೊಳ್ಳಿಯಿಂದ ನೆಂಟರ ಮನೆಗೆ ಬಂದಿದ್ದ ಎರ್ರಮ್ಮನಿಗೆ ತಲೆ ಬಾಚಿ ಕೂರಿಸಿದರು. ಆ ಹುಡುಗಿ ಶಾಲೆಯ ಮುಖ ಕಂಡವಳೇ ಅಲ್ಲ.

"ಪಾರಮ್ಮ ಅಂದ್ರ ಎದ್ದು ನಿಂದ್ರು. ಏನು ಕೇಳಿದ್ರೂ ಬಾಯಿ ಬಿಡಬ್ಯಾಡ. ಅಂಜ್ಯಾಳ ಅಂತ ನಾ ಹೇಳತೀನಿ," ಎಂದಿದ್ದರು.

ಇನ್‌ಸ್ಪೆಕ್ಟರಮ್ಮ ಹೋದ ವರ್ಷದ ಪುಸ್ತಕದಿಂದ ತಲೆ ಎತ್ತದೆ ಕರೆದರು. "ಪಾರಮ್ಮ, ಹೋದ ವರ್ಷ ಏಳರ ಮಗ್ಗಿ ಏಳೆಂಟ್ಲೆಗೆ ನಿಲ್ಲಿಸಿದ್ದಿ. ಅಲ್ಲಿಂದ ಹೇಳು."

ಎರ್ರಮ್ಮ ಎದ್ದಳು. ಗಂಗಾಬಾಯಿ ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯೇ ಶುರುಮಾಡಿದಳು.

"ಏಳೆಂಟ್ಲೆ ಐವತ್ತಾಲು. ಏಳೊಂಬತ್ಲೆ ಅಲವತ್ಮೂಲು."

ಪಾರಮ್ಮನಿಗೆ ನಾಲಿಗೆ ಹೊರಳುತ್ತಿರಲಿಲ್ಲ, ಹೀಗೇ ತೊದಲುತ್ತಿದ್ದಳು. ದನಿಯೂ ಅವಳದೇ. ಎಂಟರ ಮಗ್ಗಿ ಮುಗಿಯಿತು, ಒಂಬತ್ತರದೂ ಮುಗಿಯಿತು. ಪಕ್ಕದಲ್ಲಿದ್ದ ಹುಡುಗಿಯರು ಸದ್ದಿಲ್ಲದೆ ಸರಿದು ಗೋಡೆಗೆ ಒತ್ತಿಕೊಂಡರು.

"ಶಭಾಶ್! ಎಷ್ಟು ಮುಂದ ಬಂದಾಳ! ನಾಲ್ಕನೇ ಕ್ಲಾಸಿಗೆ ಹಾಕ್ರಿ. ನಿಮ್ಮ ಸಾಲಿಗೆ ಇನ್ನ ಗ್ರಾಂಟಿನ ಚಿಂತಿ ಇಲ್ಲ," ಎಂದು ಇನ್‌ಸ್ಪೆಕ್ಟರಮ್ಮ ಜಟಕಾ ಹತ್ತಿದರು.

ಗಂಗಾಬಾಯಿ ಎರ್ರಮ್ಮನ ಭುಜ ಹಿಡಿದರು. "ಮಗ್ಗಿ ಯಾರು ಹೇಳಿಕೊಟ್ರು ನಿನಗ?"

"ಯಾವ ಮಗ್ಗಿ ರೀ? ಬಾಯಿ ಬಿಡಬ್ಯಾಡ ಅಂದಿದ್ರಿ. ಸುಮ್ಮನ ನಿಂತಿದ್ದೆನ್ರಿ," ಎಂದಳು ಹುಡುಗಿ, ಒಂದಿಷ್ಟೂ ತೊದಲದೆ.

ಬಾಗಿಲ ಕಡೆ ತಿರುಗಿದರೆ ಪಾರಮ್ಮನ ತಾಯಿ ವಿರೂಪಮ್ಮ ನಿಂತಿದ್ದಳು. ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದವಳು ಹೊರೆಯನ್ನು ಬೀದಿಯಲ್ಲೇ ಕೆಡವಿ ಬಂದಿದ್ದಳು. ಅವಳ ಮುಖದ ತುಂಬ ನಗು. ಅದನ್ನು ನೋಡುವುದು ಗಂಗಾಬಾಯಿಯಿಂದ ಆಗಲಿಲ್ಲ.

"ಅಕ್ಕೋರ, ನನ್ನ ಮಗಳು ಮಗ್ಗಿ ಹೇಳೋದು ಕೇಳಿಸ್ತು. ಪಾಸಾದ್ಳೇನ್ರಿ?"

ಉಳಿಸಿಕೊಂಡ ಶಾಲೆಯ ಹೊಸ್ತಿಲಲ್ಲಿ ಕುಸಿದು ಗಂಗಾಬಾಯಿ ಗೋಳೋ ಎಂದು ಅತ್ತರು. ಅಳುತ್ತಲೇ ಹೇಳಿದರು:

"ಪಾಸಾದ್ಳವ್ವಾ. ನಾಲ್ಕನೇ ಕ್ಲಾಸಿಗೆ ಹೋದ್ಳು."